ಒಣಗದ ಗೋಡೆ

"ಕಿಟಕಿ ಮುಚ್ಚಿ! ಮೊದಲು ಕಿಟಕಿ ಮುಚ್ಚಿ!"

ಮಹಡಿಯ ಮೂಲೆಕೋಣೆಯ ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ ಒಳಗಿದ್ದ ಅಪರಿಚಿತನ ಕೈಯಿಂದ ಕ್ಯಾಮೆರಾ ಜಾರಿತು. ಅದರ ಪಟ್ಟಿ ಅವನ ಕೊರಳಲ್ಲಿದ್ದುದರಿಂದ ಕ್ಯಾಮೆರಾ ಉಳಿಯಿತು. ಗೋಡೆಗೆ ಆ ಅದೃಷ್ಟವಿರಲಿಲ್ಲ.

ಎರಡೂ ಕಿಟಕಿಗಳು ಅಗಲವಾಗಿ ತೆರೆದಿದ್ದವು. ಹೊಸ ಸುಣ್ಣದ ಗಾರೆಯ ಮೇಲೆ ಇಳಿಬಿಟ್ಟಿದ್ದ ಒದ್ದೆ ಗೋಣಿಗಳನ್ನು ಯಾರೋ ತೆಗೆದು, ಅಚ್ಚುಕಟ್ಟಾಗಿ ಮಡಚಿ, ಮೂಲೆಯಲ್ಲಿ ಜೋಡಿಸಿಟ್ಟಿದ್ದರು. ಮಧ್ಯಾಹ್ನದ ಬಿಸಿಗಾಳಿ ಕೋಣೆಯೊಳಗೆ ಅಡ್ಡಾಡುತ್ತಿತ್ತು. ಗೋಡೆಯ ನಡುವೆ ಕೂದಲಿನಷ್ಟು ತೆಳ್ಳಗಿನ ಬಿರುಕೊಂದು ಮೂಡಿ, ಅವಳು ನೋಡುತ್ತಿದ್ದಂತೆಯೇ ಕೆಳಗಿಳಿಯಿತು.

"ಯಾರ್ರೀ ನೀವು?"

"ಮನೆ ದಲ್ಲಾಳಿ. ಮೇಸ್ತ್ರಿಗಳು ಫೋಟೋ ತೆಗೀಬೇಕು ಅಂತ ಕರೆದಿದ್ರು. ಕೋಣೆ ಕತ್ತಲಾಗಿತ್ತು, ಅದಕ್ಕೇ..."

"ಅದಕ್ಕೇ ಗೋಡೆ ಬಟ್ಟೆ ಬಿಚ್ಚಿ ಬಿಸಿಲಿಗೆ ನಿಲ್ಲಿಸಿದ್ರಾ?"

ಅವನು ಗೋಡೆಯತ್ತ ನೋಡಿದ. ಬಿರುಕು ಅವನ ಕಣ್ಣಿಗೂ ಬಿತ್ತು. ಅವನ ಮುಖ ಇಳಿಯಿತು.

"ಇದು... ನನ್ನಿಂದ ಆಯ್ತಾ?"

"ಇಲ್ಲ, ನಿಮ್ಮನ್ನ ನೋಡಿದ ಖುಷಿಗೆ ಗೋಡೆ ತಾನೇ ಬಾಯಿ ಬಿಡ್ತು! ಸುಣ್ಣದ ಗಾರೆ ನಿಧಾನವಾಗಿ ಆರಬೇಕು ಸ್ವಾಮಿ. ಗಾಳಿ ತಾಗದ ಹಾಗೆ, ಗೋಣಿ ಹೊದಿಸಿ, ನೀರು ಚಿಮುಕಿಸಿ... ಮಗುವಿಗೆ ಸ್ನಾನ ಮಾಡಿಸಿ ಮಲಗಿಸಿದ ಹಾಗೆ ನೋಡ್ಕೋಬೇಕು. ಈಗ ಪೂರ್ತಿ ಕೆರೆದು ಮತ್ತೆ ಮೆತ್ತಬೇಕು."

"ಪೂರ್ತಿ?"

"ಪೂರ್ತಿ!"

ಅವನು ವಾದ ಮಾಡಲಿಲ್ಲ. ಕಿಟಕಿಗಳನ್ನು ಮುಚ್ಚಿದ. ಮಡಚಿದ ಗೋಣಿಗಳನ್ನು ಒಂದೊಂದಾಗಿ ಬಿಡಿಸಿದ.

"ತಪ್ಪು ನಂದು. ಗಾರೆ ಕೆಲಸ ನನಗೆ ಬರೋಲ್ಲ. ನೀರು ಹೊರೋಕೆ ಬರುತ್ತೆ. ಗೋಡೆ ಆರೋ ತನಕ ನಾನೇ ಹೊರ್ತೀನಿ" ಎಂದ.

ಬೈಯಲು ಸಿದ್ಧವಾಗಿದ್ದ ಉಳಿದ ಮಾತುಗಳನ್ನೆಲ್ಲ ಅವಳು ನುಂಗಬೇಕಾಯಿತು. ತಪ್ಪು ಒಪ್ಪಿಕೊಂಡವನ ಮೇಲೆ ಸಿಟ್ಟು ನಿಲ್ಲುವುದು ಕಷ್ಟ. ಅದೂ ಒಂದು ಹೊಸ ಸಿಟ್ಟಿಗೆ ಕಾರಣವಾಯಿತು.

* * *

ಅವಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಚಿಕ್ಕಪ್ಪ ಚಿಕ್ಕಮ್ಮನ ಮಡಿಲಿಗೆ ಬಂದವಳು, ಆಗಿನಿಂದಲೂ ಯಾರದೋ ಮನೆಯ ಸೂರಿನಡಿಯಲ್ಲೇ ಬೆಳೆದಳು. ಅದಕ್ಕೆ ಕಾರಣ ಆ ಸಂಸಾರದ ಕಸುಬು. ಚಿಕ್ಕಪ್ಪ ಗಾರೆ ಮೇಸ್ತ್ರಿ. ಹಳ್ಳಿಗಳಲ್ಲಿ ಪಾಳುಬಿದ್ದ ಹಳೆಯ ಮನೆಗಳನ್ನು ಹುಡುಕಿ ಕೊಳ್ಳುತ್ತಿದ್ದರು; ಮೂವರೂ ಅದರೊಳಗೇ ವಾಸವಿದ್ದು, ಹಿಂದೆ ಹೇಗಿತ್ತೋ ಹಾಗೆ ಅದನ್ನು ಎತ್ತಿ ನಿಲ್ಲಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಮಾರಿ, ಮುಂದಿನ ಪಾಳುಮನೆಗೆ ಹೊರಡುತ್ತಿದ್ದರು.

ಚಿಕ್ಕಪ್ಪನದು ಒಂದೇ ಕಟ್ಟಳೆ. ಮುಗಿದ ಮನೆಯಲ್ಲಿ ಮೇಸ್ತ್ರಿ ಮಲಗಬಾರದು.

ಮುಗಿಯಿತೆಂಬುದಕ್ಕೂ ಅವರಲ್ಲಿ ಒಂದು ಗುರುತಿತ್ತು. ಕೊನೆಯ ಕೋಣೆಯ ಬಾಗಿಲ ಹಿಂದೆ, ನೆಲಕ್ಕೆ ಹತ್ತಿರದಲ್ಲಿ, ಅಂಗೈ ಅಗಲದ ಜಾಗವನ್ನು ಗಾರೆ ಹಚ್ಚದೆ ಬಿಟ್ಟಿರುತ್ತಿದ್ದರು. ಮನೆಯ ಉಳಿದೆಲ್ಲ ಕೆಲಸ ತೀರಿದ ಮೇಲೆ ಆ ಜಾಗವನ್ನು ತುಂಬಿ, ಹಸಿ ಗಾರೆಯ ಮೇಲೆ ಹೆಬ್ಬೆರಳು ಒತ್ತುವುದು. ಒತ್ತಿದ ದಿನವೇ ಗಂಟುಮೂಟೆ ಕಟ್ಟುವುದು. ಒತ್ತುವ ಬೆರಳು ಯಾವಾಗಲೂ ಗುಬ್ಬಿಯದು. ಚಿಕ್ಕವಳಿದ್ದಾಗ ಅದು ಅವಳಿಗೆ ಆಟವಾಗಿತ್ತು. ಈಗ ಹಾಗಿರಲಿಲ್ಲ.

ಈ ಮನೆಗೆ ಅವಳು ಸೋತಿದ್ದಳು.

ಊರಿನ ಬೀದಿ ಮುಗಿಯುವಲ್ಲಿ, ಕಲ್ಲಿನ ಗೇಟಿನಾಚೆ, ಎರಡು ಅಂತಸ್ತಿನ ಮನೆ. ಬಂದಾಗ ಮಾಡಿನ ತುಂಬ ತೂತುಗಳು; ನಡುಮನೆಯಲ್ಲಿ ಯಾರದೋ ಕೋಳಿಗಳ ಸಂಸಾರ. ಮೆಟ್ಟಿಲ ಕೈಪಿಡಿಗೆ ಬಳಿದಿದ್ದ ಬಣ್ಣದ ಪದರಗಳನ್ನು ಗುಬ್ಬಿ ಒಂದೊಂದಾಗಿ ಕೆರೆದಳು; ಕೊನೆಗೆ ಅಡಿಯಿಂದ ಜೇನಿನ ಬಣ್ಣದ ಮರ ಹೊರಬಂದಾಗ ಅಲ್ಲೇ ಕುಳಿತು ಅತ್ತಳು. ಕಿಟಕಿಗಳ ಹಳೆಯ ಗಾಜನ್ನು ಚಿಕ್ಕಮ್ಮ ಒಡೆಯದಂತೆ ಉಳಿಸಿದ್ದರು. ಅದರ ಮೂಲಕ ನೋಡಿದರೆ ಹೊರಗಿನ ಮರಗಳು ನೀರಿನಲ್ಲಿ ನಿಂತಂತೆ ಅಲುಗುತ್ತಿದ್ದವು. ಮೂಲೆಕೋಣೆಯ ಕಿಟಕಿಯಡಿ ಕೂರಲು ಕಲ್ಲಿನ ಹಾಸು. ಅಲ್ಲಿ ಕುಳಿತರೆ ಗುಬ್ಬಿಗೆ ಬೇರೆಲ್ಲೂ ಬರದ ಯೋಚನೆ ಬರುತ್ತಿತ್ತು.

'ಇಲ್ಲೇ ಇದ್ದುಬಿಟ್ಟರೆ?'

ಆ ಕೋಣೆಯೇ ಕೊನೆಯ ಕೋಣೆ. ದಲ್ಲಾಳಿ ಬಿರುಕು ಬಿಡಿಸಿದ್ದೂ ಅದೇ ಗೋಡೆಯನ್ನು. ಸಿಟ್ಟಿಳಿದ ಮೇಲೆ ಅವಳಿಗೆ ಹೊಳೆಯಿತು: ಅವನು ಗೋಡೆ ಕೆಡಿಸಿರಲಿಲ್ಲ, ಅವಳಿಗೆ ಸಮಯ ಕೊಟ್ಟಿದ್ದ.

* * *

ಅವನು ಮಾತಿಗೆ ತಪ್ಪಲಿಲ್ಲ. ಬೆಳಗ್ಗೆ ತನ್ನ ಅಂಗಡಿ ತೆರೆಯುವ ಮೊದಲು ಬಂದು ಹಿತ್ತಲ ಬಾವಿಯಿಂದ ನೀರು ಸೇದಿ ಮಹಡಿಗೆ ಹೊರುತ್ತಿದ್ದ. ಗೋಣಿ ನೆನೆಸಿ ಅವಳ ಕೈಗೆ ಕೊಡುತ್ತಿದ್ದ. ಮಾತು ಕಡಿಮೆ. ಮನೆ ನೋಡಲು ಯಾರಾದರೂ ಬಂದಾಗ ಮಾತ್ರ ಬಾಯಿ ಬಿಡುತ್ತಿದ್ದ, ಬಿಟ್ಟರೆ ಗುಬ್ಬಿಯ ಮೈ ಉರಿಯುತ್ತಿತ್ತು!

"ಮೆಟ್ಟಿಲು ಕಿರುಗುಟ್ಟುತ್ತೆ" ಎಂದು ಬಂದವರಿಗೆ ಮೊದಲೇ ಹೇಳುವನು. "ಅಡುಗೆಮನೆಗೆ ಬೆಳಗಿನ ಬಿಸಿಲು ಬರೋಲ್ಲ. ಕೆಳಗಿನ ಬಚ್ಚಲಿನ ಬಾಗಿಲು ಗಿಡ್ಡ, ಎತ್ತರದವರು ತಲೆ ಬಗ್ಗಿಸಬೇಕು. ಬಸ್ಸಿಗೆ ತುಂಬ ದೂರ ನಡೀಬೇಕು."

ಬಂದವರು ಮುಖ ಮುಖ ನೋಡಿಕೊಂಡು ಹೊರಟುಹೋಗುವರು.

"ನೀವು ಮನೆ ಮಾರ್ತೀರೋ, ಮನೆ ಮೇಲೆ ಚಾಡಿ ಹೇಳ್ತೀರೋ?" ಒಂದು ದಿನ ಅವಳು ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಕುಂದು ಮೊದಲು ಹೇಳ್ತೀನಿ. ಅದನ್ನ ಕೇಳಿಯೂ ನಿಂತವರು ಮನೆ ಬಿಟ್ಟು ಹೋಗಲ್ಲ."

"ಮೆಟ್ಟಿಲ ಕೈಪಿಡಿ ಚೆನ್ನಾಗಿದೆ ಅಂತ ಒಂದು ಮಾತಾದ್ರೂ..."

"ಅದು ಅವರಿಗೇ ಕಾಣುತ್ತಲ್ಲ."

"ಮೆಟ್ಟಿಲು ಕಿರುಗುಟ್ಟೋದು ಕಿವಿಗೆ ಕೇಳಲ್ವಾ?"

ಅವನು ಹೇಳಿದ. "ನಮ್ಮಪ್ಪನೂ ದಲ್ಲಾಳಿ. ಬರೀ ಚೆನ್ನಾಗಿರೋದನ್ನೇ ಹೇಳಿ ಮಾರ್ತಿದ್ರು. ಆಮೇಲೆ ಕೊಂಡವರು ನಮ್ಮನ್ನ ಕಂಡ್ರೆ ಬೀದಿಯ ಆ ಕಡೆಗೆ ಹೋಗ್ತಿದ್ರು. ನನ್ನ ಕೈ ಹಿಡ್ಕೊಂಡು ನಡೀವಾಗ ಅಪ್ಪ ನೆಲ ನೋಡ್ಕೊಂಡು ನಡೀತಿದ್ರು. ನನಗೆ ತಲೆ ಎತ್ಕೊಂಡು ನಡೀಬೇಕಿತ್ತು, ಅಷ್ಟೇ."

ಗುಬ್ಬಿ ಗಾರೆ ಮೆತ್ತುವ ಕರಣೆಯನ್ನು ಸುಮ್ಮನೆ ಬಟ್ಟೆಯಿಂದ ಒರೆಸಿದಳು. ಅದು ಆಗಲೇ ಸ್ವಚ್ಛವಾಗಿತ್ತು.

ಅವಳ ಸ್ಥಿತಿ ವಿಚಿತ್ರವಾಗಿತ್ತು. ಮನೆ ಮಾರಾಟವಾಗಬಾರದೆಂಬ ಆಸೆ ಒಂದು. ಮನೆಯ ಬಗ್ಗೆ ಯಾರೂ ಕೊಂಕು ಆಡಬಾರದೆಂಬ ಹಟ ಇನ್ನೊಂದು. ಒಂದರಿಂದ ಇನ್ನೊಂದನ್ನು ಕಳೆದರೆ ಏನೂ ಉಳಿಯಬಾರದಿತ್ತು. ಆದರೆ ಪ್ರತಿ ಬೆಳಗ್ಗೆ ಗೇಟಿನ ಸದ್ದಿಗೆ ಕಿವಿಗೊಡುವ ಒಂದು ಅಭ್ಯಾಸ ಉಳಿಯುತ್ತಿತ್ತು.

ಹೀಗಿರುವಾಗ ಹೊಸದಾಗಿ ಮೆತ್ತಿದ ಗೋಡೆ ಒಣಗಿತು.

ಬಿರುಕಿಲ್ಲದೆ, ಮೊಟ್ಟೆಯ ಸಿಪ್ಪೆಯಂತೆ ನುಣುಪಾಗಿ, ತುದಿಯಿಂದ ತುದಿಗೆ ಒಣಗಿತು. ಗುಬ್ಬಿ ಅದರ ಮೇಲೆ ಕೈಯಾಡಿಸಿದಳು. ಆಮೇಲೆ ಬಾಗಿಲ ಹಿಂದಿನ ಅಂಗೈ ಅಗಲದ ಖಾಲಿ ಜಾಗವನ್ನು ನೋಡಿದಳು. ಆಮೇಲೆ, ತನಗೇ ನಾಚಿಕೆಯಾಗುವಂತೆ, ಗೋಣಿಯನ್ನು ನೆನೆಸಿ ಮತ್ತೆ ಇಳಿಬಿಟ್ಟಳು.

"ಇನ್ನೂ ಹಸಿ ಇದ್ಯೇನೇ?" ಕೆಳಗಿನಿಂದ ಚಿಕ್ಕಪ್ಪ ಕೇಳಿದರು.

"ಮೂಲೆಯಲ್ಲಿ ಸ್ವಲ್ಪ ಇದೆ ಚಿಕ್ಕಪ್ಪ!"

ಅಷ್ಟರಲ್ಲಿ ನೀರಿನ ಕೊಡ ಹಿಡಿದು ದಲ್ಲಾಳಿ ಬಾಗಿಲಲ್ಲಿ ನಿಂತಿದ್ದ. ಗೋಣಿಯ ಅಂಚಿನಿಂದ ಇಣುಕುತ್ತಿದ್ದ ಒಣ ಗೋಡೆಯನ್ನೂ, ಕೆಂಪೇರಿದ ಅವಳ ಮುಖವನ್ನೂ ನೋಡಿದ. ಕೊಡವನ್ನು ಕೆಳಗಿಟ್ಟು, "ನಾಳೆಯೂ ತರ್ತೀನಿ" ಎಂದ.

ಅವನು ತಂದ. ಮರುದಿನವೂ, ಅದರ ಮರುದಿನವೂ. ಇಬ್ಬರೂ ಒಣಗಿದ ಗೋಡೆಗೆ ನೀರೆರೆಯುತ್ತಿದ್ದರು. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಗುಬ್ಬಿಗೆ ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬ ಪಾಲುದಾರ ಸಿಕ್ಕಂತಾಯಿತು.

* * *

ಆಗ ಬಂದವರು ಒಬ್ಬ ದನದ ಡಾಕ್ಟರಮ್ಮ ಮತ್ತು ಅವರ ಅತ್ತೆ. ಅತ್ತೆ ಕೋಲೂರಿಕೊಂಡು ನಡೆಯುವ ಮುದುಕಿ. ಕಣ್ಣು ಮಾತ್ರ ಸೂಜಿಯಂತೆ ಚುರುಕು. ದಲ್ಲಾಳಿ ಎಂದಿನಂತೆ ಎಲ್ಲ ಕುಂದುಗಳನ್ನೂ ಒಪ್ಪಿಸಿದ. ಮುದುಕಿ ತಲೆದೂಗುತ್ತ ಕೇಳಿದರು.

"ಮೆಟ್ಟಿಲು ಕಿರುಗುಟ್ಟಲಿ ಬಿಡಪ್ಪಾ. ಸೊಸೆ ಎಷ್ಟು ಹೊತ್ತಿಗೆ ಬಂದ್ಲು ಅಂತ ನನಗೆ ಗೊತ್ತಾಗುತ್ತೆ."

"ಅತ್ತೇ!" ಎಂದು ಸೊಸೆ ನಕ್ಕರು. ಮತ್ತೆ ನಡುಮನೆಯ ಕಡೆ ಕಣ್ಣಾಡಿಸಿ ಕೇಳಿದರು. "ಮನೆ ಹಿಡಿಸ್ತು. ಯಾವಾಗ ಬರಬಹುದು ಮೇಸ್ತ್ರಿಗಳೇ?"

"ಮಹಡಿ ಮೇಲೆ ಒಂದು ಗೋಡೆ ಇನ್ನೂ ಒಣಗಬೇಕಮ್ಮ" ಎಂದರು ಚಿಕ್ಕಪ್ಪ.

ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತಿದ್ದ ಗುಬ್ಬಿಗೆ ಎಲ್ಲವೂ ಕೇಳಿಸುತ್ತಿತ್ತು.

ಡಾಕ್ಟರಮ್ಮ ದಲ್ಲಾಳಿಯ ಕಡೆ ತಿರುಗಿದರು. "ಎಲ್ಲ ಕುಂದೂ ಹೇಳಿದವರು ನೀವು. ಈ ಗೋಡೆ ವಿಷಯ ಯಾಕೆ ಹೇಳಲಿಲ್ಲ? ಒಣಗೋದಿಕ್ಕೆ ಎಷ್ಟು ದಿನ ಬೇಕು?"

ಅವನು ತಲೆಯೆತ್ತಿ ನೋಡಿದ. ಗುಬ್ಬಿಯ ಕಣ್ಣು ಅವನ ಕಣ್ಣಿಗೆ ಸಿಕ್ಕಿತು.

'ಬೇಡ...' ಅವಳ ಇಡೀ ಮುಖ ಬೇಡುತ್ತಿತ್ತು. 'ದಯವಿಟ್ಟು ಬೇಡ!'

"ಗೋಡೆ ಒಣಗಿ ಬಹಳ ದಿನ ಆಯ್ತಮ್ಮ" ಎಂದ ಅವನು, ತಗ್ಗಿದ ದನಿಯಲ್ಲಿ. "ಅದನ್ನ ಮಾಡಿದವರಿಗೆ ಈ ಮನೆ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಅದೊಂದು ಕುಂದು ಹೇಳೋದು ಬಾಕಿ ಇತ್ತು."

ಚಿಕ್ಕಮ್ಮ ಸೆರಗಿನ ತುದಿ ಹಿಡಿದು ನಿಂತರು. ಚಿಕ್ಕಪ್ಪ ನೆಲ ನೋಡಿದರು.

ಮೊದಲು ಬಾಯಿ ಬಿಟ್ಟವರು ಮುದುಕಿ. "ಅಲ್ಲಪ್ಪಾ, ಕಟ್ಟಿದವರಿಗೇ ಬಿಡೋಕೆ ಮನಸ್ಸಿಲ್ಲ ಅನ್ನೋದು ಕುಂದಾ? ಅದನ್ನ ಬಾಗಿಲಲ್ಲೇ ಹೇಳಿದ್ರೆ ನಾನು ಇಷ್ಟು ಹೊತ್ತು ನಿಂತು ಕಾಲು ನೋಯಿಸ್ಕೊಳ್ತಿರಲಿಲ್ಲ. ಸೊಸೇ, ಈ ಮನೆ ನಮಗೇ ಇರಲಿ!"

ಹೀಗೆ ಗುಬ್ಬಿಯ ಪ್ರೀತಿಯೇ ಮನೆಯನ್ನು ಮಾರಿತು.

ಬಂದವರು ಗೇಟು ದಾಟುವವರೆಗೆ ಅವಳು ತಡೆದುಕೊಂಡಳು. ಆಮೇಲೆ ಮೆಟ್ಟಿಲಿಳಿದು ಬಂದು ಅವನ ಎದುರು ನಿಂತಳು. ಮೆಟ್ಟಿಲು ಒಂದೊಂದೂ ಕಿರುಗುಟ್ಟಿತು.

"ನನ್ನ ಮನಸ್ಸು... ನಿಮಗೆ ಬಚ್ಚಲಿನ ಗಿಡ್ಡ ಬಾಗಿಲಿನ ಹಾಗೆ ಕಾಣ್ತಾ?"

"ಹಾಗಲ್ಲ..."

"ಅವರಿಗೆ ಹೇಳೋಕೆ ಮೊದಲು ನನಗೆ ಹೇಳಬಾರದಿತ್ತಾ? ದಿನಾ ನೀರು ಹೊತ್ತು ತಂದ್ರಲ್ಲ, ಒಂದು ದಿನವಾದ್ರೂ ಹೇಳಬಾರದಿತ್ತಾ? ನಿಮ್ಮ ತಲೆ ಎತ್ತರವಾಗಿರಲಿ ಅಂತ ನನ್ನ ತಲೆ ತಗ್ಗಿಸಿದ್ರಿ!"

ಅವನು ಒಂದು ಹೆಜ್ಜೆ ಮುಂದೆ ಬಂದ.

"ನಾಳೆಯಿಂದ ನೀರು ಬೇಡ" ಎಂದಳು ಗುಬ್ಬಿ.

* * *

ಮೂಲೆಕೋಣೆಯ ಕಲ್ಲುಹಾಸಿನ ಮೇಲೆ ಅವಳು ಕಾಲು ಮಡಚಿ ಕುಳಿತಿದ್ದಾಗ ಚಿಕ್ಕಪ್ಪ ಚಹಾದ ಲೋಟ ಹಿಡಿದು ಬಂದರು. ಲೋಟವನ್ನು ಅವಳ ಪಕ್ಕದಲ್ಲಿಟ್ಟು, ಗೋಣಿ ಸರಿಸಿ, ಗೋಡೆಗೆ ಬೆರಳ ಗಂಟಿನಿಂದ ಮೆಲ್ಲಗೆ ಬಡಿದರು.

"ಒಳ್ಳೇ ಗೋಡೆ."

"ಸುಳ್ಳು ಹೇಳಿದೆ ಚಿಕ್ಕಪ್ಪ. ತಪ್ಪಾಯ್ತು."

"ನಾನು ಮೇಸ್ತ್ರಿ ಕಣೇ. ಗಾರೆ ಇಷ್ಟು ದಿನ ಹಸಿ ಇರುತ್ತೆ ಅಂತ ನಂಬೋಕೆ ನಾನೇನು ಹೂವು ಮಾರೋನಾ?"

ಗುಬ್ಬಿ ಬೆಚ್ಚಿ ತಲೆಯೆತ್ತಿದಳು. "ಗೊತ್ತಿತ್ತಾ?"

"ನಿನ್ನ ಚಿಕ್ಕಮ್ಮನಿಗೆ ನನಗಿಂತ ಮೊದಲೇ ಗೊತ್ತಿತ್ತು. ಹುಡುಗಿ ಯಾವತ್ತೂ ಏನೂ ಬೇಕು ಅಂದವಳಲ್ಲ, ಇದೊಂದನ್ನ ಬಾಯಿ ಬಿಟ್ಟು ಕೇಳೋ ತನಕ ಸುಮ್ಮನಿರಿ ಅಂದ್ಲು. ನೀನು ಕೇಳಲಿಲ್ಲ. ನಾವು ಹೇಳಲಿಲ್ಲ." ಅವರು ಗಂಟಲು ಸರಿಮಾಡಿಕೊಂಡರು. "ಮನೆ ಇಟ್ಕೊಳ್ಳೋ ಶಕ್ತಿ ನನಗಿಲ್ಲ ಗುಬ್ಬಿ. ಇದನ್ನ ಮಾರಿದ್ರೇ ಮುಂದಿನದು ಕೊಳ್ಳೋಕಾಗೋದು. ಆದ್ರೆ ಒಂದು ಕೇಳ್ತೀನಿ, ಯೋಚನೆ ಮಾಡಿ ಹೇಳು. ನಿನಗೆ ಬೇಕಾಗಿದ್ದು ಈ ಮನೆಯಾ? ಇಲ್ಲಾ, ಬೆಳಗ್ಗೆ ಗೇಟು ಸದ್ದಾದಾಗ ಇಳಿದು ಓಡ್ತಿದ್ದೆಯಲ್ಲ, ಅದಾ?"

"ಚಿಕ್ಕಪ್ಪ!"

"ಚಹಾ ಆರುತ್ತೆ, ಕುಡಿ" ಎಂದು ಅವರು ಹೊರಟೇಹೋದರು.

ಗುಬ್ಬಿ ಬಹಳ ಹೊತ್ತು ಕುಳಿತಿದ್ದಳು. ಹಳೆಯ ಗಾಜಿನಾಚೆ ಮರಗಳು ಅಲುಗುತ್ತಿದ್ದವು. ಈ ಕಿಟಕಿಯಡಿ ಇನ್ನು ಮುದುಕಿ ಕೂರುವರು. ಕಾಲು ಚಾಚಿ, ಸೊಸೆಯ ದಾರಿ ಕಾಯುವರು. ಮೆಟ್ಟಿಲು ಕಿರುಗುಟ್ಟುವುದು ಅವರಿಗೆ ಹಿಡಿಸುವುದು. ಮನೆಗೆ ತಕ್ಕವರೇ ಬಂದಿದ್ದರು. ಅದನ್ನು ಒಪ್ಪಿಕೊಂಡಾಗ ಎದೆಯ ಭಾರ ಅವಳು ಎಣಿಸಿದಷ್ಟು ಇರಲಿಲ್ಲ.

ಯಾರೂ ಹೇಳದೆಯೇ ಅವಳು ಎದ್ದಳು. ಒಂದು ಹಿಡಿ ಗಾರೆ ಕಲಸಿದಳು. ಬಾಗಿಲ ಹಿಂದೆ ಮಂಡಿಯೂರಿ, ಖಾಲಿ ಜಾಗವನ್ನು ತುಂಬಿ, ಕರಣೆಯಿಂದ ಸಮ ಮಾಡಿ, ಹೆಬ್ಬೆರಳು ಒತ್ತಿದಳು.

ಮನೆ ಮುಗಿಯಿತು.

* * *

ಕೀಲಿಕೈ ಒಪ್ಪಿಸಲು ಅವಳೇ ಹೋದಳು. ಚಿಕ್ಕಪ್ಪ ಗಾಡಿಗೆ ಏಣಿ ಕಟ್ಟುವುದರಲ್ಲಿ ಇದ್ದಕ್ಕಿದ್ದಂತೆ ಬಹಳ ನಿರತರಾಗಿದ್ದರು. ಚಿಕ್ಕಮ್ಮನಿಗೂ ಆ ಹೊತ್ತಿಗೇ ಪಾತ್ರೆ ಕಟ್ಟುವ ಕೆಲಸ ನೆನಪಾಗಿತ್ತು.

ದಲ್ಲಾಳಿಯ ಅಂಗಡಿ ಬೀದಿಯ ನಡುವೆ. ವಾಸ ಅದರ ಮೇಲಿನ ಅಂತಸ್ತಿನಲ್ಲಿ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೇಲಿನಿಂದ ಕರಕರ ಸದ್ದು ಬರುತ್ತಿತ್ತು. ಅವಳು ಹತ್ತಿ ನೋಡಿದಳು.

ಅವನು ಗೋಡೆಯ ಮುಂದೆ ಕುಳಿತು ಚಮಚದಿಂದ ಗಾರೆ ಕೆರೆಯುತ್ತಿದ್ದ. ತಲೆಯ ತುಂಬ ಪುಡಿ. ನೆಲದ ಮೇಲೆ ಒಂದು ರಾಶಿ ಸಿಮೆಂಟು ಚಕ್ಕೆ.

"ಅದು ಚಮಚ" ಎಂದಳು ಗುಬ್ಬಿ.

ಅವನು ಗಡಬಡಿಸಿ ಎದ್ದ. "ಕರಣೆ ಇಲ್ಲ, ಅದಕ್ಕೇ..."

"ಕರಣೆ ಮೆತ್ತೋದಿಕ್ಕೆ. ಕೆರೆಯೋದಿಕ್ಕೆ ಬೇರೆ ಇದೆ. ಏನು ಮಾಡ್ತಿದ್ದೀರಾ?"

"ಗೋಡೆ ಉಬ್ಬಿದೆ. ಹಳೇ ಸುಣ್ಣದ ಗೋಡೆ ಮೇಲೆ ಅಪ್ಪ ಸಿಮೆಂಟು ಮೆತ್ತಿಸಿದ್ರು. ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ಲ." ಅವನು ಚಮಚವನ್ನು ಕೈಯಿಂದ ಕೈಗೆ ಬದಲಾಯಿಸಿದ. "ನನ್ನ ಹಾಗೇ."

ಗುಬ್ಬಿ ಕೀಲಿಕೈಯನ್ನು ಮೇಜಿನ ಮೇಲಿಟ್ಟಳು. ಕೆಲಸ ಮುಗಿದಿತ್ತು. ಹೊರಡಬಹುದಾಗಿತ್ತು. ಹೊರಡಲಿಲ್ಲ.

"ಆವತ್ತು ಹೇಳಿದ್ದು ಪೂರ್ತಿ ನಿಜ ಅಲ್ಲ" ಎಂದ ಅವನು. "ಅರ್ಧ. ಗೋಡೆ ಒಣಗಿದ್ದು ನನಗೂ ಗೊತ್ತಿತ್ತು. ಆದ್ರೂ ನೀರು ಹೊತ್ತೆ. ಯಾಕೆ ಅಂತ ಅವರು ಕೇಳಿದ್ರೆ ಹೇಳಬೇಕಾಗಿದ್ದ ಉತ್ತರ ಒಂದೇ... ನೀವು ಹೋಗಬಾರದು ಅಂತ. ಸುಳ್ಳು ಹೇಳೋಕೆ ನಾಲಿಗೆ ಬರಲಿಲ್ಲ, ಪೂರ್ತಿ ಹೇಳೋಕೆ ಧೈರ್ಯ ಬರಲಿಲ್ಲ. ನಿಮ್ಮ ಅರ್ಧ ಎಲ್ಲರ ಮುಂದೆ ಇಟ್ಟೆ. ನನ್ನ ಅರ್ಧ ಬಚ್ಚಿಟ್ಟುಕೊಂಡೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಮುಚ್ಚಿಟ್ಟ ಕುಂದು ಅದೊಂದೇ. ಅದು ನಿಮಗೆ ನೋವು ಮಾಡ್ತು."

ಅವಳು ಗೋಡೆಯನ್ನು ಮುಟ್ಟಿ ನೋಡಿದಳು. ಸಿಮೆಂಟು ಹೋದ ಕಡೆ ಒಳಗಿನ ಹಳೆಯ ಸುಣ್ಣ ತಣ್ಣಗೆ, ಜೀವಂತವಾಗಿತ್ತು.

"ಬೇರೆ ಕುಂದು ಏನೇನಿದೆ ಇಲ್ಲಿ?" ಎಂದಳು, ಗೋಡೆಯ ಕಡೆಗೇ ಮುಖ ಮಾಡಿ.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತ. ಮನೆ ತೋರಿಸುವಾಗ ನಿಲ್ಲುವ ಹಾಗೆ.

"ಮಾಡು ಸೋರುತ್ತೆ. ಅಡುಗೆಮನೆ ಕಿಟಕಿ ತೆಗೆದ್ರೆ ಮುಚ್ಚಲ್ಲ, ಮುಚ್ಚಿದ್ರೆ ತೆಗೆಯಲ್ಲ. ನೆಲ ಒಂದು ಕಡೆ ಇಳಿಜಾರು, ನಿಂಬೆಹಣ್ಣು ಬಿಟ್ರೆ ಮಂಚದ ಕೆಳಗೆ ಹೋಗುತ್ತೆ. ಮನೆಯಲ್ಲಿರೋನು ಮಾತು ಕಡಿಮೆ. ಆಡಿದ್ರೆ ತಪ್ಪು ಹೊತ್ತಲ್ಲಿ ಆಡ್ತಾನೆ. ಕುಂದು ಹೇಳೋದು ಗೊತ್ತು, ರಿಪೇರಿ ಗೊತ್ತಿಲ್ಲ. ಪ್ರೀತಿ ಇದೆ, ಹೇಳೋಕೆ ಬರೋಲ್ಲ."

"ಈಗ ಹೇಳಿದ್ರಲ್ಲ."

"ಹೇಳಿದ್ನಾ?" ಅವನು ಗಾಬರಿಯಾದ. "ಹೇಳಿದೆ... ಇಷ್ಟೆಲ್ಲ ಕೇಳಿಯೂ ನಿಂತಿದ್ದೀರಾ?"

"ನಿಂತಿದ್ದೀನಿ."

ಕೆಳಗೆ ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. "ಗುಬ್ಬೀ!" ಚಿಕ್ಕಪ್ಪನ ದನಿ. "ಹೊರಡೋಣವಾ? ಇಲ್ಲಾ, ನಿನ್ನ ಪೆಟ್ಟಿಗೆ ಇಳಿಸ್ಲಾ?"

ಅವಳು ಕಿಟಕಿಯಿಂದ ಬಗ್ಗಿದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಪೆಟ್ಟಿಗೆ ನಿಮ್ಮ ಜೊತೆಗೇ ಇರಲಿ ಚಿಕ್ಕಪ್ಪ, ಮದುವೆ ತನಕ! ನನ್ನ ಕರಣೆ ಮಾತ್ರ ಇಳಿಸಿ!"

"ನೋಡ್ರೀ, ನಾನು ಹೇಳಿರಲಿಲ್ವಾ!" ಎಂದು ಗಾಡಿಯೊಳಗಿಂದ ಚಿಕ್ಕಮ್ಮ ಹೇಳಿದ್ದು ಇಡೀ ಬೀದಿಗೆ ಕೇಳಿಸಿತು.

* * *

ಮದುವೆಯಾದ ಮೇಲೆ ಇಬ್ಬರೂ ಸೇರಿ ಅಂಗಡಿಯ ಮೇಲಿನ ಆ ಗೋಡೆಗೆ ಗಾರೆ ಮೆತ್ತಿದರು. ಕಿಟಕಿಗಳನ್ನು ಮುಚ್ಚಿದರು. ಗೋಣಿಯನ್ನು ಅವನೇ ನೆನೆಸಿ ಇಳಿಬಿಟ್ಟ. ಗೋಡೆ ನಿಧಾನವಾಗಿ, ತನ್ನ ಲೆಕ್ಕದಲ್ಲಿ, ಒಣಗಿತು.

ಬಾಗಿಲ ಹಿಂದೆ ಅಂಗೈ ಅಗಲದ ಜಾಗ ಉಳಿದಿತ್ತು. ಅವನು ಒಂದು ಹಿಡಿ ಗಾರೆ ಕಲಸಿ ತಂದು ಅವಳ ಮುಂದೆ ಹಿಡಿದ.

"ಎಲ್ಲ ಮುಗೀತಲ್ಲ. ಹೆಬ್ಬೆರಳು ಒತ್ತಲ್ವಾ?"

ಗುಬ್ಬಿ ಆ ಗಾರೆಯನ್ನು ಅವನ ಕೈಯಿಂದ ತೆಗೆದುಕೊಂಡು ಬಾಂಡಲಿಗೆ ಹಾಕಿದಳು. ಗಾರೆ ಮೆತ್ತಿದ ಅವನ ಬೆರಳುಗಳನ್ನು ತನ್ನ ಸೆರಗಿನಲ್ಲಿ ಒರೆಸಿದಳು.

"ಒತ್ತಿದ್ರೆ ಮನೆ ಮುಗೀತು ಅಂತ ಅರ್ಥ. ಮುಗಿದ ಮನೆಯಲ್ಲಿ ಮೇಸ್ತ್ರಿ ಮಲಗಬಾರದು."

"ಹಾಗಾದ್ರೆ ಈ ಜಾಗ?"

"ಹೀಗೇ ಇರಲಿ."

"ಎಲ್ಲೀ ತನಕ?"

"ನಾನಿರೋ ತನಕ" ಎಂದಳು ಗುಬ್ಬಿ.

ಅವನು ಬಾಗಿಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಖಾಲಿ ಜಾಗ ಅದರ ಮರೆಗೆ ಹೋಯಿತು.

"ಮನೆಗೆ ಒಂದು ಕುಂದು ಇರಲೇಬೇಕು" ಎಂದ.